ಮಳೆ ನೆಲದಲ್ಲೂ ತೂಗುವ ಮಡಚು ಕುರ್ಚಿ: ನನ್ನ ಅನುಭವ

"ಮಡಚೋದೂ ಬೇಕು, ತೂಗೋದೂ ಬೇಕು ಅಂದ್ರೆ ಆಗಲ್ಲ ಕಣೋ, ಯಾವುದಾದ್ರೂ ಒಂದು ಮಾಡು" ಅಂತ ನಮ್ಮ ಮಾವ ಹೇಳಿದ್ದರು. ನಲವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಹೋದ ಭಾನುವಾರ ದೇವರಮನೆ ಹತ್ತಿರದ ಹೋಂಸ್ಟೇ ಅಂಗಳದಲ್ಲಿ ನಾನು ಮಾಡಿದ ಮಡಚಿ ತೂಗುವ ಕುರ್ಚಿಯಲ್ಲೇ ಕೂತು ಎರಡು ಲೋಟ ಕಾಫಿ ಕುಡಿದರು. ಏನೂ ಹೇಳಲಿಲ್ಲ. ಏಳಲೂ ಇಲ್ಲ.

ಮೂಡಿಗೆರೆಯಲ್ಲಿ ನನ್ನದು ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಶಾಪ್. ಟೆಂಟ್ ಹಾಕುವ ಹೋಂಸ್ಟೇಯವರೊಬ್ಬರು ಹೊರದೇಶದ ಕುರ್ಚಿಯ ಫೋಟೊ ತೋರಿಸಿದ್ದರಿಂದ ಇದೆಲ್ಲ ಶುರು. ಅದರ ಹಿಂದಿನ ಕಾಲಲ್ಲಿ ಸ್ಪ್ರಿಂಗ್ ಇತ್ತು. ನಾನೂ ಹಳೇ ಬೈಕಿನ ಶಾಕ್ ಅಬ್ಸಾರ್ಬರ್ ಹಾಕಿ ನೋಡಿದೆ, ಅಲ್ಲಾಡಲೇ ಇಲ್ಲ. ಬೈಕಿನ ಭಾರಕ್ಕೆ ಮಾಡಿದ ಸ್ಪ್ರಿಂಗ್ ಅಲ್ವಾ! ಬಿಟ್ಟೆ. ಕಾಲಿನ ಕೆಳಗೆ ಬಾಗಿದ ಪೈಪ್ ಹಾಕುವ, ತೂಗುಕುರ್ಚಿಯ ಹಳೇ ದಾರಿಗೇ ಬಂದೆ.

ಮುಕ್ಕಾಲು ಇಂಚು, 16 ಗೇಜ್ ದಪ್ಪದ ಪೈಪು. ಮೊದಲು ತುಕ್ಕು ಹಿಡಿಯಬಾರದು ಅಂತ ಜಿಐ, ಅಂದ್ರೆ ಸತು ಲೇಪಿಸಿದ ಪೈಪು ತಂದು, ಸತು ಉಜ್ಜದೇ ವೆಲ್ಡಿಂಗ್ ಮಾಡಿ, ಆ ಹೊಗೆಗೆ ರಾತ್ರಿ ಚಳಿಜ್ವರ ಬಂದು ಒಂದು ದಿನ ಮಲಗಿದೆ. ಆಮೇಲೆ ಎಂಎಸ್ ಪೈಪು (ಸಾದಾ ಕಬ್ಬಿಣದ್ದು), ತುಕ್ಕು ತಡೆಯೋಕೆ ರೆಡ್ ಆಕ್ಸೈಡ್ ಬಣ್ಣ, ಅಷ್ಟೇ. ಪೈಪು ನಲುಗದಿರಲಿ ಅಂತ ಒಳಗೆ ಮರಳು ತುಂಬಿ ಬಗ್ಗಿಸ್ತೇವೆ. ಬಾಗು ಎಷ್ಟು ಅನ್ನೋದೇ ತಲೆನೋವು. 24 ಇಂಚಿನ ರೇಡಿಯಸ್‌ಗೆ ಬಗ್ಗಿಸಿದ್ದು ನನ್ನನ್ನೇ ಹಿಂದಕ್ಕೆ ಬೀಳಿಸಿತು. ಐದು ಅಡಿಗೆ ಬಗ್ಗಿಸಿದರೆ ತೂಗಲೇ ಇಲ್ಲ, ಸುಮ್ನೆ ಬೆಂಚು. ಕೊನೆಗೆ 40 ಇಂಚಿನ ಹತ್ತಿರ ನಿಂತೆ, ಸೀಟು ನೆಲದಿಂದ 13 ಇಂಚು ಇರಬಹುದು. ಇಷ್ಟರಲ್ಲಿ ಎಂಟು ಸಾವಿರ ನೀರಾಗಿತ್ತು, ಮನೆಯವಳಿಗೆ ಐದು ಅಂತ ಹೇಳಿದ್ದೇನೆ.

ಶಾಪಿನ ಸಿಮೆಂಟ್ ಮೇಲೆ ಚೆನ್ನಾಗಿ ತೂಗಿತು. ಮಳೆ ಬಿದ್ದ ಹುಲ್ಲಿಗೆ ಇಟ್ಟರೆ ಪೈಪು ಚಾಕು ತರ ಮಣ್ಣಿಗೆ ಇಳಿಯಿತು, ಜೊತೆಗೆ ನನ್ನ ಕಾಲಿಗೆ ಇಂಬಳ (ಜಿಗಣೆ). ಪೈಪಿನ ಕೆಳಗೆ ಸಿಲ್ವರ್ ಓಕ್ ಮರದ ಪಟ್ಟಿ ಹೊಡೆದೆ, ಒಂದೇ ಮಳೆಗಾಲಕ್ಕೆ ಸೀಳಿತು. ಈಗ ಎರಡಿಂಚು ಅಗಲದ ಕಬ್ಬಿಣದ ಪಟ್ಟಿ, ಅದರ ಕೆಳಗೆ ಹಳೇ ಜೀಪ್ ಟೈರಿನ ತುಂಡು. ತೂಕ ಎಂಟೂವರೆ ಕೆಜಿ ಆಯ್ತು, ಹೊರದೇಶದ್ದು ಹಗುರ ಅಂತಾರೆ, ಇರಲಿ, ಕಾರಿನ ಡಿಕ್ಕಿ ತಾನೇ ಹೊರೋದು. ಕೂತವರು ತೂಗಿ ತೂಗಿ ಮಡಚುವ ಜಾಯಿಂಟಿನ ನಟ್ ಸಡಿಲ ಮಾಡ್ತಾರೆ, ಒಳಗೆ ನೈಲಾನ್ ಬಳೆ ಇರುವ, ಸುಲಭಕ್ಕೆ ಸಡಿಲ ಆಗದ ನೈಲಾಕ್ ನಟ್ ಹಾಕಿ, ಎರಡೂ ಕಡೆ ವಾಷರ್ ಮರೆಯಬೇಡಿ. ಆ ಜಾಯಿಂಟಿಗೆ ಬೆನ್ನಿನ ಪೈಪಲ್ಲಿ ತೂತು ಎಲ್ಲಿ ಹೊಡೆದೆ ಅಂತ ಮಾತ್ರ ಕೇಳಬೇಡಿ, ಅದಕ್ಕೇ ಎರಡು ತಿಂಗಳು ಹಿಡಿದಿದೆ.

ಮಧ್ಯೆ ಕಾಫಿ ಗೋಣಿಚೀಲದ ಸೀಟೂ ಮಾಡಿದೆ. ಫೋಟೊಗೆ ಬೊಂಬಾಟ್. ಮೂರು ವಾರಕ್ಕೆ ಬೂಷ್ಟು ಹಿಡಿದು ವಾಸನೆ. ಈಗ ಜೀಪ್ ಸೀಟ್ ಹೊಲಿಯುವವರ ಹತ್ತಿರ ದಪ್ಪ ಕ್ಯಾನ್ವಾಸ್ ಹೊಲಿಸ್ತೇನೆ, ಅಂಚಿಗೆ ಡಬಲ್ ಹೊಲಿಗೆ.

ಒಂದಕ್ಕೆ ಸಾವಿರದ ಎಂಟುನೂರು ಖರ್ಚು, ನನ್ನ ಕೂಲಿ ಬಿಟ್ಟು. ಮೂರು ಸಾವಿರದ ಇನ್ನೂರಕ್ಕೆ ಕೊಡ್ತೇನೆ. ಹನ್ನೊಂದು ಹೋಗಿವೆ, ಒಂದೂ ವಾಪಸ್ ಬಂದಿಲ್ಲ. ಸಕಲೇಶಪುರದವರೊಬ್ಬರು ಇಬ್ಬರು ಕೂರುವಂಥದ್ದು ಕೇಳಿದ್ದಾರೆ. ಪೈಪ್ ಬಗ್ಗಿಸಿ ಇಟ್ಟಿದ್ದೇನೆ, ಮಡಚುವಾಗ ನಡುವಿನ ಜಾಯಿಂಟ್ ಇನ್ನೂ ಬೆರಳು ಕಚ್ಚುತ್ತಿದೆ.