ತೋಟದ ಹುಳಿ, ಹಳ್ಳದ ನೀರು: ಮಲೆನಾಡಿನಲ್ಲಿ ಮಣ್ಣು-ನೀರಿನ ರಸಾಯನ ಅಳೆಯುವ ಬಗೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಗಾಳಿಯ ಇಂಗಾಲದ ಡೈ ಆಕ್ಸೈಡ್ ಕರಗಿರುವುದರಿಂದ ಶುದ್ಧ ಮಳೆನೀರೂ ಸ್ವಲ್ಪ ಹುಳಿಯೇ. ಅದರ ಪಿಎಚ್ (ಹುಳಿ ಅಂದರೆ ಆಮ್ಲೀಯತೆಯ ಅಳತೆ; 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.6. ಈ ನೀರು ಕೆಮ್ಮಣ್ಣಿನೊಳಗೆ ಇಳಿದು ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಕಿತ್ತುಕೊಂಡು ಹಳ್ಳ ಸೇರುತ್ತದೆ. ಮಲೆನಾಡಿನ ಮಣ್ಣು ಹುಳಿಯಾಗಿರುವುದು ಹೊಸದಲ್ಲ. ಆದರೆ ಒಣಹವೆ ಉದ್ದಕ್ಕೂ ಎಳೆದು, ಆಮೇಲೆ ಮಳೆ ಒಂದೇ ಸಮನೆ ಜಡಿದಾಗ ತೊಳೆತ ಬೇರೆ ರೀತಿ ನಡೆಯುತ್ತದೆ. ಒಣಗಿದ ಮಣ್ಣು ನೆನೆದ ಕೂಡಲೇ ಸೂಕ್ಷ್ಮಜೀವಿಗಳು ಚುರುಕಾಗಿ, ದರಕು-ಗೊಬ್ಬರದಲ್ಲಿದ್ದ ಸಾರಜನಕ ನೈಟ್ರೇಟ್ ಆಗುತ್ತದೆ. ಬೇರು ಹೀರುವ ಮೊದಲೇ ಅದು ಕ್ಯಾಲ್ಸಿಯಂ ಜೊತೆಗೂಡಿ ಬಸಿಗಾಲುವೆಗೆ ಇಳಿದುಬಿಡುತ್ತದೆ. ಹುಳಿ ಮಾತ್ರ ಮಣ್ಣಿನಲ್ಲೇ ಉಳಿಯುತ್ತದೆ.

ಹಾಗಾಗಿ ಮಣ್ಣೊಂದನ್ನೇ ಅಳೆದರೆ ಅರ್ಧ ಲೆಕ್ಕ. ಮಣ್ಣು ಮತ್ತು ಹಳ್ಳ ಎರಡನ್ನೂ ಒಟ್ಟಿಗೆ ಅಳೆಯಿರಿ.

ಮಣ್ಣಿನ ಮಾದರಿಯನ್ನು ಗೊಬ್ಬರ ಹಾಕುವುದಕ್ಕೆ ಮೊದಲು ತೆಗೆಯಬೇಕು. ಎಕರೆಗೆ 10-12 ಅಡಿಕೆ ಮರ ಆರಿಸಿ, ಬುಡದಿಂದ ಎರಡು ಅಡಿ ದೂರದಲ್ಲಿ ಮೇಲಿನ ಹಾಳೆ, ದರಕು ಸರಿಸಿ, 0-30 ಸೆಂ.ಮೀ. ಮತ್ತು 30-60 ಸೆಂ.ಮೀ. ಆಳದ ಮಣ್ಣನ್ನು ಬೇರೆ ಬೇರೆ ಬಕೆಟಿಗೆ ಹಾಕಿ. ಎರಡನ್ನೂ ಬೆರೆಸಿಬಿಟ್ಟರೆ ಕೆಳಪದರದ ಹುಳಿ ಕಾಣುವುದೇ ಇಲ್ಲ. ನೆರಳಲ್ಲಿ ಒಣಗಿಸಿ, 2 ಮಿ.ಮೀ. ಜರಡಿ ಹಿಡಿಯಿರಿ. 10 ಗ್ರಾಂ ಮಣ್ಣಿಗೆ 25 ಮಿ.ಲೀ. ಡಿಸ್ಟಿಲ್ಡ್ ವಾಟರ್ ಹಾಕಿ, ಅರ್ಧ ಗಂಟೆಯಲ್ಲಿ ನಾಲ್ಕೈದು ಸಲ ಕಲಕಿ, ಪಿಎಚ್ ಮೀಟರ್ ಅದ್ದಿ ಓದಿ.

ಮೀಟರ್ ಸುಳ್ಳು ಹೇಳುವುದು ಸಾಮಾನ್ಯವಾಗಿ ನಮ್ಮ ತಪ್ಪಿನಿಂದ. ಪ್ರತಿ ಸಲ ಪಿಎಚ್ 4 ಮತ್ತು 7 ಎಂದು ಗೊತ್ತಿರುವ ಬಫರ್ ದ್ರಾವಣದಲ್ಲಿ ಸರಿಹೊಂದಿಸಿಕೊಳ್ಳಬೇಕು. ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿಟ್ಟರೆ ಅದು ಬೇಗ ಸಾಯುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲೇ ಇಡಿ.

ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಮಣ್ಣಿನ ಅಲ್ಯೂಮಿನಿಯಂ ಕರಗತೊಡಗಿ ಬೇರಿನ ತುದಿ ಮೊಂಡಾಗುತ್ತದೆ, ಕೊಟ್ಟ ರಂಜಕ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಸುಣ್ಣ ಬೇಕು. ಎಷ್ಟು ಎಂಬುದನ್ನು ಪಿಎಚ್ ಒಂದೇ ಹೇಳಲಾರದು. ಒಂದೇ ಪಿಎಚ್ ಇರುವ ಮರಳುಮಣ್ಣಿಗೂ ಜಿಗುಟುಮಣ್ಣಿಗೂ ಬೇಕಾಗುವ ಸುಣ್ಣದಲ್ಲಿ ಬಹಳ ಅಂತರವಿದೆ. ಪ್ರಯೋಗಾಲಯದಲ್ಲಿ ಇದಕ್ಕೆ ಬಫರ್ ಪರೀಕ್ಷೆ ಇದೆ, ಆದರೆ ಮನೆಯಲ್ಲಿ ಕುಂಡದಲ್ಲೇ ತಿಳಿಯಬಹುದು. ನಾಲ್ಕು ಕುಂಡಕ್ಕೆ ಒಂದೊಂದು ಕಿಲೋ ಜರಡಿ ಹಿಡಿದ ಮೇಲ್ಮಣ್ಣು ಹಾಕಿ, ಕ್ರಮವಾಗಿ 0, 1, 2, 3 ಗ್ರಾಂ ನಯವಾದ ಸುಣ್ಣಕಲ್ಲಿನ ಪುಡಿ ಬೆರೆಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ತೇವ ಇಟ್ಟು, ಮೂರು ವಾರ ಬಿಟ್ಟು ಅಳೆಯಿರಿ. ಯಾವ ಕುಂಡ 6ರ ಹತ್ತಿರ ಬಂತೋ ಅದೇ ನಿಮ್ಮ ಪ್ರಮಾಣ. ಇನ್ನು ಲೆಕ್ಕ: ಮರದ ಸುತ್ತ ಒಂದು ಮೀಟರ್ ತ್ರಿಜ್ಯದ ಪಾತಿಯಲ್ಲಿ 15 ಸೆಂ.ಮೀ. ಆಳಕ್ಕೆ ಸುಮಾರು 560 ಕಿಲೋ ಮಣ್ಣಿರುತ್ತದೆ. ಕಿಲೋಗೆ 1 ಗ್ರಾಂ ಸಾಕೆಂದರೆ ಮರಕ್ಕೆ 560 ಗ್ರಾಂ. ಅರಳಿಸಿದ ಸುಣ್ಣವಾದರೆ ಇದರ ಮುಕ್ಕಾಲು ಭಾಗ ಸಾಕು, ಏಕೆಂದರೆ ತೂಕಕ್ಕೆ ತೂಕ ಅದರ ಹುಳಿ ತಣಿಸುವ ಶಕ್ತಿ ಹೆಚ್ಚು. ಮೆಗ್ನೀಷಿಯಂ ಕೊರತೆ ಇದ್ದಲ್ಲಿ ಡಾಲಮೈಟ್ (ಮೆಗ್ನೀಷಿಯಂ ಇರುವ ಸುಣ್ಣಕಲ್ಲು) ಒಳ್ಳೆಯದು, ಆದರೆ ಅದು ನಿಧಾನ.

ಸುಣ್ಣವನ್ನು ರೋಹಿಣಿ ಮಳೆಗೆ ಮುಂಚಿನ ಹದದಲ್ಲಿ, ಇಲ್ಲವೇ ಚಿತ್ತಾ ಮಳೆ ಕಳೆದ ಮೇಲೆ, ಪಾತಿಯಲ್ಲಿ ಹರಡಿ ಹಗುರವಾಗಿ ಮಣ್ಣಿಗೆ ಬೆರೆಸಿ. ಪುಷ್ಯ ಮಳೆಯ ನಡುವೆ ಹಾಕಿದ್ದು ಹಳ್ಳಕ್ಕೆ ಹಾಕಿದಂತೆ. ಯೂರಿಯಾ, ಕೊಟ್ಟಿಗೆ ಗೊಬ್ಬರಗಳ ಜೊತೆ ಬೆರೆಸಲೇಬಾರದು, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಎರಡು-ಮೂರು ವಾರದ ಅಂತರ ಇರಲಿ.

ಗೊಬ್ಬರದ ಹುಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಎಂಬುದು ರೂಢಿಯ ಶಿಫಾರಸು. ಯೂರಿಯಾ ಲೆಕ್ಕದಲ್ಲಿ ಸುಮಾರು 217 ಗ್ರಾಂ. ಅದೆಲ್ಲ ನೈಟ್ರೇಟ್ ಆಗಿ ತೊಳೆದುಹೋದರೆ ಹಿಂದೆ ಉಳಿಯುವ ಹುಳಿ ತಣಿಸಲು ಮರಕ್ಕೆ ಸುಮಾರು 360 ಗ್ರಾಂ ಸುಣ್ಣಕಲ್ಲಿನ ಪುಡಿ ಬೇಕು. ಮರವೇ ಹೀರಿಕೊಂಡರೆ ಇದಕ್ಕಿಂತ ಬಹಳ ಕಡಿಮೆ. ಮಳೆಗೆ ಮೊದಲು ಒಂದೇ ಕಂತಿನಲ್ಲಿ ಸುರಿಯಬೇಡಿ ಎನ್ನುವುದು ಇದಕ್ಕೇ.

ಮಲೆನಾಡಿಗೆ ಇನ್ನೊಂದು ಚಿಂತೆ ತಾಮ್ರದ್ದು. ಮಳೆ ಉದ್ದವಾದಷ್ಟೂ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್ ಮತ್ತು ಸುಣ್ಣದ ದ್ರಾವಣ) ಹೊಡೆಯುವ ಸಲ ಹೆಚ್ಚುತ್ತದೆ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತದಂತೆ ಬಿದ್ದ ತಾಮ್ರ ಮೇಲ್ಮಣ್ಣಿನಲ್ಲೇ ಕೂಡುತ್ತದೆ. ಮಣ್ಣು ಹುಳಿಯಾದಷ್ಟೂ ಅದು ಸಡಿಲಗೊಂಡು ಎರೆಹುಳು, ಬೇರು, ಹಳ್ಳದ ಜೀವಿಗಳಿಗೆ ತಾಗುತ್ತದೆ. ಹಳೆಯ ತೋಟವಾದರೆ ಪ್ರಯೋಗಾಲಯಕ್ಕೆ ಮಣ್ಣು ಕೊಡುವಾಗ ಲಭ್ಯ ತಾಮ್ರವನ್ನೂ ನೋಡಲು ಕೇಳಿ.

ಈಗ ಹಳ್ಳ. ನೀರಿನ ಪಿಎಚ್ ಅನ್ನು ಅಲ್ಲೇ ಓದಬೇಕು. ಬಾವಿ, ಒರತೆಯ ನೀರಿನಲ್ಲಿ ಇಂಗಾಲದ ಡೈ ಆಕ್ಸೈಡ್ ತುಂಬಿರುತ್ತದೆ. ಮನೆಗೆ ತರುವಷ್ಟರಲ್ಲಿ ಅದು ಹೊರಟು ಪಿಎಚ್ ಏರಿರುತ್ತದೆ. ಇದಕ್ಕಿಂತ ನಂಬಿಕಸ್ಥ ಅಳತೆ ಎಂದರೆ ಹುಳಿ ತಡೆಯುವ ಶಕ್ತಿ, ಪ್ರಯೋಗಾಲಯದವರ ಮಾತಿನಲ್ಲಿ ಆಲ್ಕಲಿನಿಟಿ. ಅನಿಲ ಹೊರಟರೂ ಅದು ಬದಲಾಗದು. 200 ಮಿ.ಲೀ. ನೀರಿಗೆ ಬ್ರೋಮೋಕ್ರೆಸಾಲ್ ಗ್ರೀನ್-ಮೀಥೈಲ್ ರೆಡ್ ಸೂಚಕ ನಾಲ್ಕು ಹನಿ ಹಾಕಿ, 0.02 ನಾರ್ಮಲ್ ಗಂಧಕಾಮ್ಲವನ್ನು ಬ್ಯುರೆಟ್ಟಿನಿಂದ ಹನಿಹನಿಯಾಗಿ ಬಿಡಿ. ಹಸಿರು-ನೀಲಿ ಹೋಗಿ ನಸುಗೆಂಪು ಬಂದಾಗ ನಿಲ್ಲಿಸಿ. ಬಳಸಿದ ಮಿ.ಲೀ.ಯನ್ನು 5ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಮಿ.ಗ್ರಾಂ. ಎಂದು ಸುಣ್ಣಕಲ್ಲಿನ ಲೆಕ್ಕದಲ್ಲಿ ಸಿಗುತ್ತದೆ. ಆಮ್ಲವನ್ನು ತಯಾರಾದ ದ್ರಾವಣವಾಗಿಯೇ ಕೊಳ್ಳಿ, ಗಟ್ಟಿ ಆಮ್ಲ ಮನೆಗೆ ತರಬೇಡಿ. ಮೀಥೈಲ್ ಆರೆಂಜ್ ಬಳಸಿದರೆ ನಮ್ಮಂಥ ಮೆದುನೀರಿನಲ್ಲಿ ಅಳತೆ ಹೆಚ್ಚು ತೋರುತ್ತದೆ.

ಹಳ್ಳದ ನೀರು ಕೊನೆಗೆ ಸೇರುವ ಕಡಲಿನಲ್ಲಿ ಈ ಆಲ್ಕಲಿನಿಟಿ ಸುಮಾರು 115. ಹಾಗಿದ್ದರೂ ಕೈಗಾರಿಕಾ ಯುಗದಿಂದೀಚೆಗೆ ಕಡಲ ಮೇಲ್ನೀರಿನ ಪಿಎಚ್ 8.2ರಿಂದ 8.1ರ ಆಸುಪಾಸಿಗೆ ಇಳಿದಿದೆ. ಅಂದರೆ ಹೈಡ್ರೋಜನ್ ಅಯಾನುಗಳು ಕಾಲುಭಾಗಕ್ಕೂ ಮೀರಿ ಹೆಚ್ಚಿವೆ. ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುವಾಗ ಮಳೆಗಾಲದ ಮೆದುನೀರು ಅಳಿವೆಯ ತಡೆಶಕ್ತಿಯನ್ನು ಇನ್ನಷ್ಟು ತೆಳುವಾಗಿಸುತ್ತದೆ, ಚಿಪ್ಪುಜೀವಿಗಳಿಗೆ ಕವಚ ಕಟ್ಟುವುದು ಕಷ್ಟವಾಗುತ್ತದೆ. ಮಳೆಗಾಲದ ಕೊನೆಗೆ ಪಶ್ಚಿಮ ಕರಾವಳಿಯ ಆಳದ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ನದಿ ಹೊತ್ತುತರುವ ನೈಟ್ರೇಟ್ ಪಾಚಿ ಬೆಳೆಸಿ, ಅದು ಕೊಳೆತು, ಇದ್ದದ್ದನ್ನೂ ತಿನ್ನುತ್ತದೆ.

ಹಳ್ಳದ ನೈಟ್ರೇಟ್ ಅಳೆಯಲು, ನೀರಿನಲ್ಲಿ ಅದ್ದಿದರೆ ಬಣ್ಣ ಬದಲಿಸುವ ಪಟ್ಟಿ ಸಾಕು. ಕುಡಿಯುವ ನೀರಿನ ಮಿತಿ ಲೀಟರಿಗೆ 45 ಮಿ.ಗ್ರಾಂ. ವರ್ಷಕ್ಕೆ ನಾಲ್ಕು ಸಲ ನೋಡಿ: ಬೇಸಿಗೆಯ ಕೊನೆ, ಮೊದಲ ಕೆಂಪುನೀರು ಇಳಿದ ದಿನ, ಮಳೆಗಾಲದ ನಡು, ಚಿತ್ತಾ ಮಳೆಯ ನಂತರ. ಎರಡನೆಯದನ್ನು ತಪ್ಪಿಸಿದರೆ ವರ್ಷದ ಮುಖ್ಯ ಸಂಗತಿಯೇ ತಪ್ಪಿದಂತೆ. ಪ್ರತಿ ಸಲವೂ ತೋಟದ ಮೇಲಿನಿಂದ ಒಂದು ಬಾಟಲಿ, ಕೆಳಗಿನಿಂದ ಒಂದು ಬಾಟಲಿ ಅದೇ ದಿನ ತುಂಬಿ. ಕೆಳಗೆ ನೈಟ್ರೇಟ್ ಏರಿ ಆಲ್ಕಲಿನಿಟಿ ಇಳಿದಿದ್ದರೆ ಗೊಬ್ಬರದ ಕಂತನ್ನು ಒಡೆಯಿರಿ. ಸುಣ್ಣ ಹಾಕಿದ ಮರುವಾರವೇ ಆಲ್ಕಲಿನಿಟಿ ಜಿಗಿದಿದ್ದರೆ ನಿಮ್ಮ ಸುಣ್ಣ ಬಸಿಗಾಲುವೆಯಲ್ಲಿದೆ. ಮುಂದಿನ ಸಲ ಅರ್ಧ ಪ್ರಮಾಣ ಹಾಕಿ, ಮೇಲೆ ಸೊಪ್ಪು ಮುಚ್ಚಿ.