ಸಂದುಚುಕ್ಕಿಗೆ 1141 ಮುಚ್ಚಳ

ಬೀದಿಯವರೆಲ್ಲ ಸೇರಿ ಬಾಟಲಿ ಮುಚ್ಚಳದಲ್ಲಿ ಚಿತ್ರ ಮಾಡುವುದಾದರೆ, ಫೋಟೊ ನೋಡಿ ಯಾರದೋ ಮುಖ ಮೂಡಿಸುವ ಆಸೆ ಬಿಡಿ. ಮುಚ್ಚಳದಲ್ಲಿ ಸಿಗುವುದು ಏಳೆಂಟು ಬಣ್ಣ. ಮುಖಕ್ಕೆ ಬೇಕಾದ ಛಾಯೆ ಅದರಲ್ಲಿಲ್ಲ. ಮೈಸೂರಿನ ನಮ್ಮ ಬಡಾವಣೆಯ ಪಾರ್ಕಿನ ಗೋಡೆಗೆ ಹಾಕಿದ್ದು ರಂಗೋಲಿ. ದುಂಡನೆಯ ಮುಚ್ಚಳಗಳನ್ನು ಒತ್ತೊತ್ತಾಗಿ ಇಟ್ಟರೆ ತಾನೇ ಸಂದುಚುಕ್ಕಿ ಆಗುತ್ತದೆ, ಅಂದರೆ ಒಂದು ಸಾಲಿನ ಎರಡು ಚುಕ್ಕಿಯ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುತ್ತದೆ. “39 ಚುಕ್ಕಿ, 20ರವರೆಗೆ ಸಂದು” ಅಂದರೆ ಸಾಕು, ದಿನಾ ಬಾಗಿಲಿಗೆ ರಂಗೋಲಿ ಬಿಡುವವರಿಗೆ ಬೇರೆ ನಕ್ಷೆ ಬೇಡ. ನಡುಸಾಲಿಗೆ 39, ಅಲ್ಲಿಂದ ಮೇಲೂ ಕೆಳಗೂ ಸಾಲಿಗೊಂದರಂತೆ ಕಮ್ಮಿಯಾಗುತ್ತ 20ಕ್ಕೆ ನಿಲ್ಲುತ್ತದೆ. ಒಟ್ಟು 1141 ಮುಚ್ಚಳ.

ನೀರು, ಸೋಡಾ ಬಾಟಲಿಯ ಮುಚ್ಚಳದ ಅಗಲ ಸುಮಾರು 30 ಮಿ.ಮೀ. ನಡುವಿನಿಂದ ನಡುವಿಗೆ 31 ಮಿ.ಮೀ. ಹಿಡಿದರೆ ನಡುಸಾಲು 1208 ಮಿ.ಮೀ. ಬರುತ್ತದೆ, ಮುಚ್ಚಳ ಕೂರಿಸುವ ನಾಲ್ಕಡಿ ಹಲಗೆಯಲ್ಲಿ ಆಚೀಚೆ ಐದೈದು ಮಿ.ಮೀ. ಉಳಿಯುತ್ತದೆ, ಅಷ್ಟೇ. ಸಾಲಿನಿಂದ ಸಾಲಿಗೆ 27. ಗುರುತು ಹಾಕುವಾಗ ಒಂದು ಚುಕ್ಕಿಯಿಂದ ಮುಂದಿನದಕ್ಕೆ ಅಳೆಯುತ್ತ ಹೋಗಬೇಡಿ. ಪ್ರತಿ ಸಲ ಅರ್ಧ ಮಿ.ಮೀ. ತಪ್ಪಿದರೂ ಕೊನೆಯ ಮುಚ್ಚಳ ಹಲಗೆಯಿಂದಾಚೆ ಹೋಗಿರುತ್ತದೆ. ಟೇಪನ್ನು ನಡುಗೆರೆಯಲ್ಲಿ ಹಿಡಿದು ಎರಡೂ ಕಡೆಗೆ ಅಳೆಯಿರಿ.

ಮುಚ್ಚಳ ರಾಶಿಗಟ್ಟಲೆ ಸಿಗುವುದು ಮದುವೆ ಛತ್ರದಲ್ಲಿ. ಆಷಾಢ ಬಂತೆಂದರೆ ಅದೂ ನಿಂತುಹೋಗುತ್ತದೆ. ದಸರಾಕ್ಕೆ ಕೆಲಸ ಮುಗಿಯಬೇಕಿದ್ದರೆ ಜ್ಯೇಷ್ಠದೊಳಗೇ ಕೂಡಿಸಿಕೊಳ್ಳಿ. ಬೇಕಾದ್ದಕ್ಕಿಂತ ಎರಡರಷ್ಟು ಇರಲಿ: ಬಿಳಿ, ನೀಲಿ ಬೇಡವೆಂದರೂ ಬರುತ್ತವೆ, ಹಳದಿಗೆ ಪರದಾಡಬೇಕು. ನೀಲಿ ಎಂದು ಒಂದೇ ಬುಟ್ಟಿಗೆ ಸುರಿದರೆ ಅದರಲ್ಲೇ ನಾಲ್ಕು ಬಗೆ ಇರುತ್ತದೆ. ಬಿಸಿಲಲ್ಲಿ ಹರಡಿ ಬೇರೆ ಮಾಡಿ, ಟ್ಯೂಬ್‌ಲೈಟಿನಡಿ ಎಲ್ಲವೂ ಒಂದೇ ಥರ ಕಾಣುತ್ತವೆ.

ಸೋಪಿನ ನೀರಲ್ಲಿ ರಾತ್ರಿಯಿಡೀ ನೆನೆಸಿ. ಮುಚ್ಚಳ ತೇಲುತ್ತದೆ, ಬಾಟಲಿ ಚೂರು, ತಗಡು ತಳ ಸೇರುತ್ತವೆ. ಕೆಳಗೆ ಅಂಟಿಕೊಂಡ ಬಳೆಯನ್ನು ಕತ್ತರಿಸಿ ತೆಗೆಯಲೇಬೇಕು. ಅದರ ಸಂದಿನಲ್ಲಿ ಉಳಿದ ಕೋಲಾದ ಸಕ್ಕರೆಗೆ ಇರುವೆ ಸಾಲು ಗೋಡೆ ಹತ್ತುತ್ತದೆ.

ಗೋಂದಿನ ಮಾತೇ ಬೇಡ. ಮುಚ್ಚಳ ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ಕಿನದು, ಕೆಲವು ಪಿಪಿ ಎಂಬುದರದು. ಎರಡರ ಮೈಗೂ ಅಂಟು ಹಿಡಿಯುವುದಿಲ್ಲ. ಮರದ ಬಿಳಿ ಗೋಂದು ಒಣಗಿದ ಮೇಲೆ ಹಾಲಿನ ಕೆನೆಯಂತೆ ಎದ್ದು ಬರುತ್ತದೆ. ಬಿಸಿ ಅಂಟು ಬೇಸಿಗೆಯ ಬಿಸಿಲಿಗೆ ಮೆತ್ತಗಾಗುತ್ತದೆ. ಸ್ಕ್ರೂ ಒಂದೇ ದಾರಿ.

12 ಮಿ.ಮೀ. ದಪ್ಪದ, ನೀರು ತಡೆಯುವ 710 ದರ್ಜೆಯ ಪ್ಲೈವುಡ್ ತನ್ನಿ. ಮುಚ್ಚಳಗಳ ನಡುವೆ ಹಲಗೆಯ ನೂರಕ್ಕೆ ಹದಿನೈದು ಭಾಗ ಇಣುಕುತ್ತದೆ, ಅದಕ್ಕೆ ಮೊದಲೇ ಕೆಮ್ಮಣ್ಣಿನ ಬಣ್ಣ ಬಳಿದೆವು. ಅಂಚಿಗೆ ಎರಡು ಕೈ ಹೆಚ್ಚು. ಮುಚ್ಚಳದ ಬಾಯಿ ಹೊರಗೆ, ಬೆನ್ನು ಹಲಗೆಗೆ. ಬೆನ್ನು ಹೊರಗಿಟ್ಟರೆ ಸ್ಕ್ರೂ ಬಿಗಿದಾಗ ಒಳಗೆ ಗುಳಿ ಬೀಳುತ್ತದೆ. ಮುಚ್ಚಳ ಕೂರುವಷ್ಟು ಗುಳಿಯಿರುವ ಮರದ ತುಂಡಿನಲ್ಲಿ ಅದನ್ನಿಟ್ಟು 3 ಮಿ.ಮೀ. ತೂತು ಕೊರೆಯಿರಿ. ಬೆರಳಲ್ಲಿ ಹಿಡಿದರೆ ಮುಚ್ಚಳ ಬಿಟ್‌ನ ಜೊತೆ ಗಿರಗಿರ ತಿರುಗುತ್ತದೆ, ಗಾಯ ಖಂಡಿತ. ಅರ್ಧ ಇಂಚಿನ ಸ್ಟೇನ್‌ಲೆಸ್ ಸ್ಕ್ರೂ, ತಲೆಯಡಿ ವಾಷರ್. ಮುಕ್ಕಾಲು ಇಂಚಿನದು ತಂದರೆ ಹಲಗೆಯ ಹಿಂದೆ ಸಾವಿರ ಮೊನೆ. ಮುಚ್ಚಳ ಅಲ್ಲಾಡದಷ್ಟು ಬಿಗಿದು ನಿಲ್ಲಿಸಿ. ಇನ್ನೂ ಒಂದು ಸುತ್ತು ಹೋದರೆ ತಳ ಬಟ್ಟಲಿನಂತೆ ಬಾಗಿ ಅಂಚು ಏಳುತ್ತದೆ.

ಸ್ಕ್ರೂ ಹಾಕುವ ಮೊದಲು ಎಲ್ಲ ಮುಚ್ಚಳ ಹಲಗೆ ಮೇಲೆ ಹರಡಿ, ಸ್ಟೂಲ್ ಹತ್ತಿ ಮೊಬೈಲಲ್ಲಿ ಫೋಟೊ ತೆಗೆದು ನೋಡಿ. ತಪ್ಪು ಚುಕ್ಕಿ ಕಣ್ಣಿಗಿಂತ ಫೋಟೊದಲ್ಲಿ ಬೇಗ ಸಿಕ್ಕುತ್ತದೆ. ಹಲಗೆ ಮಲಗಿಸಿದ್ದಾಗ ಮಳೆ ಬಿದ್ದರೆ ಒಂದೊಂದು ಮುಚ್ಚಳವೂ ಸೊಳ್ಳೆಗೆ ತೊಟ್ಟಿಲು, ರಾತ್ರಿ ನಿಲ್ಲಿಸಿಯೇ ಇಡಿ.

ಪಡುವಣ ಗೋಡೆಯ ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗುತ್ತದೆ. ಸೂರಿನಡಿ ಜಾಗ ಹುಡುಕಿ. ಮುಚ್ಚಳಕ್ಕೆ ಪೇಂಟ್ ಬಳಿಯಬೇಡಿ, ಮುಂದೆ ಬಿಚ್ಚಿ ಗುಜರಿಗೆ ಕೊಡುವಾಗ ಅದು ಕಸವಾಗುತ್ತದೆ. ಪ್ರತಿ ಬಣ್ಣದಲ್ಲೂ ಹತ್ತಿಪ್ಪತ್ತನ್ನು ತೂತು ಕೊರೆದು ಡಬ್ಬದಲ್ಲಿಟ್ಟಿರಿ. ಮಕ್ಕಳ ಕೈಗೆಟುಕುವ ಕೆಳಗಿನ ಸಾಲುಗಳೇ ಮೊದಲು ಖಾಲಿಯಾಗುವುದು.