ಶಾಕುಹಾಚಿ, ಕೋತೊಗಳ ಜೊತೆ ಸ್ಯಾಕ್ಸೊಫೋನ್ ನುಡಿಸುವ ಮುನ್ನ

ಜಪಾನಿನ ವಾದಕರೊಡನೆ ನುಡಿಸಲು ಹೊರಟ ಜಾಜ್ ಸ್ಯಾಕ್ಸೊಫೋನ್ ವಾದಕರು, ಜೊತೆಗಾರರು ಜಾಜ್‌ನವರೋ ಸಾಂಪ್ರದಾಯಿಕ ವಾದ್ಯದವರೋ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಜಾಜ್‌ನವರಾದರೆ ವಿಶೇಷ ತಯಾರಿ ಬೇಕಿಲ್ಲ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ 1960ರಲ್ಲಿ ಜಪಾನಿನ ಪಿಯಾನೊ ವಾದಕಿ ತೊಶಿಕೊ ಅಕಿಯೊಶಿ ಅವರೊಡನೆ ಚತುಷ್ಟಯವನ್ನು ನಡೆಸಿದಾಗ ಇಬ್ಬರಿಗೂ ಬಿಬಾಪ್ ಎಂಬ ವೇಗದ ಜಾಜ್ ಶೈಲಿ ಮನೆಮಾತೇ ಆಗಿತ್ತು. ಶಾಕುಹಾಚಿ ಕೊಳಲು ಅಥವಾ ಕೋತೊ ಎಂಬ ತಂತಿವಾದ್ಯ ಜೊತೆಯಾದಾಗಲೇ ನಿಜವಾದ ಸಿದ್ಧತೆ ಬೇಕಾಗುತ್ತದೆ.

ಆರಂಭ ಶ್ರುತಿಯಿಂದಲೇ ಆಗಬೇಕು. ಐದು ರಂಧ್ರಗಳ ಬಿದಿರಿನ ಕೊಳಲಾದ ಶಾಕುಹಾಚಿಯ ಸಾಮಾನ್ಯ ಉದ್ದ ಸುಮಾರು 54.5 ಸೆಂಟಿಮೀಟರ್, ಅದರ ತಳದ ಸ್ವರ ಡಿ, ಸಹಜ ಸ್ವರಗಳು ಡಿ, ಎಫ್, ಜಿ, ಎ, ಸಿ. ಸ್ಯಾಕ್ಸೊಫೋನಿಗೆ ಬರೆಯುವ ಸ್ವರವೂ ಕೇಳಿಸುವ ಸ್ವರವೂ ಬೇರೆಯಾದ್ದರಿಂದ, ಇವು ಆಲ್ಟೊ ಸ್ಯಾಕ್ಸೊಫೋನ್‌ನಲ್ಲಿ ಬಿ, ಡಿ, ಇ, ಎಫ್ ಶಾರ್ಪ್, ಎ ಆಗುತ್ತವೆ. ಟೆನರ್‌ನಲ್ಲಿ ಇ, ಜಿ, ಎ, ಬಿ, ಡಿ. ಕರ್ನಾಟಕ ಸಂಗೀತ ಬಲ್ಲವರಿಗೆ ಇದು ಶುದ್ಧ ಧನ್ಯಾಸಿಯ ಸ್ವರಗಳೆಂದು ಕೂಡಲೇ ಹೊಳೆಯುತ್ತದೆ, ಆದರೆ ಅಲ್ಲಿಯ ಗಮಕಗಳನ್ನು ಇಲ್ಲಿ ತುರುಕಬಾರದು. ನಡುವಿನ ಸ್ವರಗಳನ್ನು ವಾದಕರು ಗದ್ದ ತಗ್ಗಿಸಿ, ರಂಧ್ರವನ್ನು ಅರೆ ಮುಚ್ಚಿ ಹೊರಡಿಸುತ್ತಾರೆ. ಇದಕ್ಕೆ ಮೆರಿ ಎನ್ನುತ್ತಾರೆ. ಹೀಗೆ ಹುಟ್ಟುವ ಇ ಫ್ಲಾಟ್ ಮಂದವಾಗಿ, ಕೆಲವೊಮ್ಮೆ ಪಿಯಾನೊದ ಸ್ವರಕ್ಕಿಂತ ತುಸು ಇಳಿದು ಕೇಳಿಸುತ್ತದೆ. ಅದೇ ಸ್ವರವನ್ನು ಸ್ಯಾಕ್ಸೊಫೋನ್ ಪೂರ್ಣ ದನಿಯಲ್ಲಿ ಹಿಡಿದರೆ ಬಿದಿರಿನ ದನಿ ಮುಳುಗುವುದಲ್ಲದೆ ಅದು ಅಪಶ್ರುತಿಯೆಂಬ ತಪ್ಪು ಭಾವನೆಯೂ ಮೂಡುತ್ತದೆ. ಆದ್ದರಿಂದ ಆ ಜಾಗವನ್ನು ಅವರಿಗೇ ಬಿಟ್ಟುಕೊಡುವುದು ಲೇಸು.

ಹದಿಮೂರು ತಂತಿಗಳ ಕೋತೊದ ಕಷ್ಟವೇ ಬೇರೆ. ಪ್ರತಿ ತಂತಿಯಡಿಯ ಕುದುರೆಯನ್ನು (ಬ್ರಿಡ್ಜ್) ಸರಿಸಿ ಶ್ರುತಿ ಮಾಡುವುದರಿಂದ, ಜಾಜ್ ಗೀತೆಯ ನಡುವೆ ಹಲವು ಬಾರಿ ಶ್ರುತಿ ಬದಲಿಸುವಂತೆ ಕೇಳುವುದು ನ್ಯಾಯವಲ್ಲ. ಎಡಗೈಯಿಂದ ತಂತಿ ಒತ್ತಿ ಅರ್ಧ ಅಥವಾ ಒಂದು ಸ್ವರ ಏರಿಸಬಹುದು, ಅಷ್ಟೆ. ಆದ್ದರಿಂದ ಹಿರಾಜೋಶಿಯಂಥ ಒಂದು ಶ್ರುತಿಯನ್ನು ಒಪ್ಪಿಕೊಂಡು ರಚನೆಯನ್ನು ಅದಕ್ಕೆ ಹೊಂದಿಸಬೇಕು. ಡಿ, ಇ ಫ್ಲಾಟ್, ಜಿ, ಎ, ಬಿ ಫ್ಲಾಟ್ ಎಂಬ ಆ ಸ್ವರಗಳು ಆಲ್ಟೊದಲ್ಲಿ ಬಿ, ಸಿ, ಇ, ಎಫ್ ಶಾರ್ಪ್, ಜಿ. ಕಾರ್ಡ್‌ಗಳ ಓಟವನ್ನು ಕಳಚಿಟ್ಟು ಒಂದೇ ನೆಲೆಯ ಮೇಲೆ ವಿಸ್ತರಿಸುವುದು ಮೋಡಲ್ ಜಾಜ್ ಬಲ್ಲವರಿಗೆ ಹೊಸದೇನಲ್ಲ. ಮಾರಿಯಾನೊ ಮುಂದೆ ನಾಗಸ್ವರವನ್ನೂ ಕಲಿತು, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಡನೆ 1983ರಲ್ಲಿ ‘ಜ್ಯೋತಿ’ ಆಲ್ಬಮ್ಮನ್ನು ಧ್ವನಿಮುದ್ರಿಸಿದರೆಂಬುದನ್ನು ಇಲ್ಲಿ ನೆನೆಯಬಹುದು.

ಕೋತೊದ ನಾದ ಬೇಗ ಕರಗುವುದರಿಂದ, ಕೆಳದುಟಿಯನ್ನು ಸಡಿಲಿಸಿ ಉಸಿರು ಬೆರೆಸಿ ನುಡಿಸುವ ಸಬ್‌ಟೋನ್ ಅಭ್ಯಾಸ ಅನಿವಾರ್ಯ. ಟ್ಯೂನರನ್ನು ಎಷ್ಟಕ್ಕೆ ಇಡಬೇಕೆಂದು ಮೊದಲೇ ಕೇಳಿಕೊಳ್ಳಿ. ಜಪಾನಿನಲ್ಲಿ ಎ ಸ್ವರವನ್ನು 442 ಹರ್ಟ್ಜ್‌ಗೆ ಇಡುವುದು ಸಾಮಾನ್ಯ. ಅಷ್ಟಕ್ಕೆ ಶ್ರುತಿ ಏರಿಸಲು ಮೌತ್‌ಪೀಸನ್ನು ಕಾರ್ಕಿನ ಮೇಲೆ ಸ್ವಲ್ಪ ಒಳಕ್ಕೆ ತಳ್ಳಿದರೆ ಸಾಕು.

ಲಯದ ವಿಷಯದಲ್ಲಿ ನನ್ನ ಅಭಿಪ್ರಾಯ ಕೊಂಚ ಕಠಿಣವಾದದ್ದು: ಸ್ವಿಂಗ್ ಡ್ರಮ್ಸ್ ಮೇಲೆ ಜಪಾನಿ ವಾದ್ಯವನ್ನು ಒಗ್ಗರಣೆಯಂತೆ ಸುರಿಯುವುದು ಸಹಯೋಗವಲ್ಲ. ಅಕಿಯೊಶಿ 1974ರ ‘ಕೊಗುನ್’ ರಚನೆಯಲ್ಲಿ ಜಪಾನಿನ ಸಾಂಪ್ರದಾಯಿಕ ನೋಹ್ ರಂಗಭೂಮಿಯ ತ್ಸುಜುಮಿ ಮದ್ದಳೆಗೂ ಅದರ ವಾದಕರ ಕೂಗಿಗೂ ಬಿಗ್ ಬ್ಯಾಂಡಿನ ಜೊತೆ ಸ್ವಂತ ಅವಕಾಶ ಕೊಟ್ಟ ರೀತಿಯನ್ನು ಗಮನವಿಟ್ಟು ಕೇಳಬೇಕು. ಮೊದಲ ತಾಲೀಮನ್ನು ಡ್ರಮ್ಸ್ ಇಲ್ಲದೆ, ಇಬ್ಬರೇ ಕುಳಿತು ನಡೆಸಿ, ಶಾಕುಹಾಚಿಯ ಒಂದೊಂದು ಉಸಿರಿನ ಉದ್ದಕ್ಕೆ ತಕ್ಕಂತೆ ನಿಮ್ಮ ಸಾಲುಗಳನ್ನು ಅಳೆದುಕೊಂಡ ಮೇಲೆಯೇ ಉಳಿದ ವಾದ್ಯಗಳನ್ನು ಕರೆಯಿರಿ.